ಬಲೆ ದಾಟಿದವಳು

ಬಿಲಾಕ್ಸಿ
ಮೇ ೪, ೧೯೯೭

ಮಗನೇ ವಿನ್,

ನೀನೂ ಸೊಸೆ ಕಿಮ್ಮೂ ಸುಖವಾಗಿದ್ದೀರಿ ಅಂತ ನಂಬಿ ಬರೆಯುತ್ತಿದ್ದೇನೆ. ಈಸ್ಟರ್ ಮುಗಿದ ಕೂಡಲೇ ಕಾಗದ ಹಾಕುತ್ತೇನೆ ಅಂದಿದ್ದವಳು ಇಷ್ಟು ತಡ ಮಾಡಿದೆ, ಕ್ಷಮಿಸು. ಬಲಗೈ ಹೆಬ್ಬೆರಳು ಬಾತುಕೊಂಡು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಫೋನ್ ಮಾಡಿದರೆ ನಿಮ್ಮ ಮನೆಯ ಯಂತ್ರ ನಿನ್ನದೇ ದನಿಯಲ್ಲಿ "ಈಗ ಮನೆಯಲ್ಲಿ ಯಾರೂ ಇಲ್ಲ" ಅನ್ನುತ್ತದೆ. ನಾಯಿ ಬೊಗಳುವುದು ಕೇಳಿಸುತ್ತದೆ, ಟಿವಿ ಕೇಳಿಸುತ್ತದೆ, ಆದರೂ ಯಾರೂ ಇಲ್ಲ. ಆದ್ದರಿಂದ ಕಾಗದವೇ ಸರಿ. ಇದನ್ನು ನೀನು ಅರ್ಧಕ್ಕೇ ಓದಿ ಮೇಜಿನ ಮೇಲೆ ಎಸೆಯಬಹುದು, ಆದರೆ ಅದು ಅಲ್ಲೇ ಬಿದ್ದುಕೊಂಡು ನಿನ್ನನ್ನು ನೋಡುತ್ತಿರುತ್ತದೆ. ಹಳ್ಳಿ ಶಾಲೆಯಲ್ಲಿ ಮಳೆ ಬಂದರೆ ರಜೆ, ಬಲೆ ಒಣಹಾಕಿದರೆ ರಜೆ ಅಂತ ಕಲಿತ ಅಕ್ಷರ ನನ್ನದು. ಸಾಲು ಡೊಂಕಾದರೆ ಕಿಮ್ ನಗಬಾರದು.

ಇಲ್ಲಿ ಎಲ್ಲ ಕ್ಷೇಮ. ಹಿತ್ತಲಿನ ನಿಂಬೆಹುಲ್ಲು ಬೇಲಿಯ ಎತ್ತರಕ್ಕೆ ಬಂದಿದೆ. ಮೆಣಸಿನ ಗಿಡಕ್ಕೆ ಹುಳ ಬಿದ್ದಿತ್ತು, ಬೂದಿ ಎರಚಿದೆ. ನಿಮ್ಮಪ್ಪನ ಸಮಾಧಿಗೆ ಕಲ್ಲು ಕೂರಿಸಿದರು. ಹೆಸರು ಸರಿಯಾಗಿ ಕೆತ್ತಿದ್ದಾರೆ, ಶಿಲುಬೆ ಮಾತ್ರ ಸ್ವಲ್ಪ ಎಡಕ್ಕೆ ವಾಲಿದೆ. ಬದುಕಿದ್ದಾಗ ಅವರೂ ಹಾಗೇ ನಿಲ್ಲುತ್ತಿದ್ದರು, ಬಿಡು ಅಂದೆ.

ನಮ್ಮಿಬ್ಬರ ಕರಾರು ನನಗೆ ನೆನಪಿದೆ. ಮುದುಕಿ ಮರೆತಳು ಅಂದುಕೊಳ್ಳಬೇಡ. ಸಿಗಡಿ ಹಂಗಾಮು ತೆರೆಯುವ ಬೆಳಿಗ್ಗೆ ನಿಮ್ಮಪ್ಪನ ದೋಣಿ ನಿನ್ನ ಮಗಳು ಯೆನ್‌ಳ ಕೈಯಲ್ಲಿ ಕಡಲಿಗೆ ಹೊರಟರೆ ದೋಣಿ ಅವಳದ್ದು. ಹೊರಡದಿದ್ದರೆ ನಾನು ಸಹಿ ಹಾಕಿ ಅದನ್ನು ಮಾರಬೇಕು, ಅವಳು ಬಾಯಿ ಮುಚ್ಚಿಕೊಂಡು ವಕೀಲಿ ಓದಲು ವಾಪಸ್ ಹೋಗಬೇಕು. ಅವಳೂ ಒಪ್ಪಿದ್ದಾಳೆ. ನೀನು ಒಪ್ಪಿದ್ದು ಅವಳು ಸೋಲುತ್ತಾಳೆ ಅಂತಲೇ, ಅದೂ ನನಗೆ ಗೊತ್ತು.

ನಿನ್ನ ಮಗಳು ಈಗ ಹೇಗಿದ್ದಾಳೆ ಅಂತ ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡಿದ್ದಾಳೆ. ಹಿಂದಿನಿಂದ ನೋಡಿದರೆ ನಿನ್ನ ಹಾಗೇ ಕಾಣುತ್ತಾಳೆ, ಇಲ್ಲಿ ದೋಣಿಯ ಮೇಲೆ ದುಡಿಯುತ್ತಿದ್ದ ಕಾಲದ ನೀನು. ಅವತ್ತೊಂದು ದಿನ ಎಂಜಿನ್ ಬಿಚ್ಚಿ ಕೂತಿದ್ದಾಗ ಹಿಂದಿನಿಂದ ಹೋಗಿ "ವಿನ್, ಊಟಕ್ಕೆ ಏಳೋ" ಅಂದುಬಿಟ್ಟೆ. ಅವಳು ತಿರುಗಲಿಲ್ಲ, "ಐದು ನಿಮಿಷ" ಅಂದಳು. ಥೇಟ್ ನೀನೇ.

ಅವಳು ಕಾಲೇಜಿನಲ್ಲಿ ಓದಿದ ಕಥೆಪುಸ್ತಕಗಳ ಮಾತು ಇಲ್ಲಿ ಊಟದ ಹೊತ್ತಿಗೆ ಬರುತ್ತದೆ. ಮೊನ್ನೆ ಮೀನಿನ ಹುಳಿಸಾರು ಸುರಿಯುತ್ತಾ ಕೇಳಿದಳು:

"ಅಜ್ಜಿ, ಅಮೆರಿಕದ ಕನಸು ಅಂತಾರಲ್ಲ, ನೀನು ಬರುವಾಗ ಏನು ಕಂಡಿದ್ದೆ?"

"ಊರು ಬಿಟ್ಟು ಓಡಿಬರೋ ದೋಣಿಯಲ್ಲಿದ್ದಾಗ ನೆಲ ಕಂಡ್ರೆ ಸಾಕಾಗಿತ್ತು."

"ಅದಲ್ಲ, ಇಲ್ಲಿಗೆ ಬಂದ ಮೇಲೆ?"

"ಬೂಟು."

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಸಿಂಪಿ ಬಿಡಿಸುವ ಕಾರ್ಖಾನೆಯಲ್ಲಿ ಗಂಡಸರ ಅಳತೆಯ ರಬ್ಬರ್ ಬೂಟು ಮಾತ್ರ ಇದ್ದವು. ಒಳಗೆ ಹಳೇ ಬಟ್ಟೆ ತುರುಕಿಕೊಂಡು, ಉಪ್ಪುನೀರಲ್ಲಿ ಬಾತುಕೋಳಿ ಹಾಗೆ ನಡೆಯುತ್ತಿದ್ದೆ. ನನ್ನ ಕಾಲಿಗೆ ಸರಿಹೋಗುವ ಬೂಟು ಸಿಕ್ಕ ದಿನ ನನಗೆ ಈ ದೇಶ ಪೂರ್ತಿ ಸಿಕ್ಕ ಹಾಗಾಗಿತ್ತು. ನಿಮ್ಮಪ್ಪನ ಕನಸು ದೋಣಿ. ನಿನ್ನದು ಹುಲ್ಲುಹಾಸಿನ ಮನೆ, ನಿನ್ನ ಹೆಸರು ಬರೆದ ಗಾಡಿಗಳು, ವಕೀಲೆ ಮಗಳು. ನಾನು ಯಾವುದನ್ನೂ ಆಡಿಕೊಳ್ಳುವುದಿಲ್ಲ. ಮೂವತ್ತು ದಾಟಿದ ಮೇಲೆ ಭಾಷೆ ಇನ್ನೂ ಸರಿಯಾಗಿ ಬಾರದೆ ಹೂಸ್ಟನ್‌ಗೆ ಹೋಗಿ, ಯಾರದ್ದೋ ಮನೆಯ ಕಾದ ಚಾವಣಿಯೊಳಗೆ ತೆವಳಿ, ತಂಪು ಯಂತ್ರ ರಿಪೇರಿ ಕಲಿತವನು ನೀನು. ನಾನು ಚರ್ಚಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ.

ಆಮೇಲೆ ಅವಳು ಹೇಳಿದಳು, "ನಮ್ಮ ಪ್ರೊಫೆಸರ್ ಹೇಳ್ತಿದ್ರು ಅಜ್ಜಿ, ಈ ದೇಶದ ದೊಡ್ಡ ಕಾದಂಬರಿಗಳಲ್ಲೆಲ್ಲ ಆ ಕನಸಿನ ಹಿಂದೆ ಓಡಿದೋನು ಕೊನೆಗೆ ಸೋತು ಸಾಯ್ತಾನಂತೆ."

"ಅವನಿಗೆ ಹೆಂಡ್ತಿ ಮಕ್ಕಳು, ಅಜ್ಜಿ ಗಿಜ್ಜಿ ಯಾರೂ ಇರಲ್ವಾ?"

"ಸಾಮಾನ್ಯವಾಗಿ ಇರಲ್ಲ."

"ಹಾಗಾದ್ರೆ ಕನಸಿನ ಮೇಲೆ ಯಾಕೆ ತಪ್ಪು ಹೊರಿಸ್ತೀರಿ? ಹೊತ್ತಿಗೆ ಬಡಿಸೋರಿಲ್ಲದೆ ಸತ್ತಿದಾನೆ ಪಾಪ."

ಅವಳಿಗೆ ಸಾರು ನೆತ್ತಿಗೆ ಹತ್ತಿತು. ಬೆನ್ನು ತಟ್ಟಬೇಕಾಯಿತು.

ಈಗ ಕಷ್ಟಕ್ಕೆ ಬರುತ್ತೇನೆ. ಕಷ್ಟದ ಹೆಸರು ಬಾಯ್. ನಿಮ್ಮಪ್ಪನ ಜೊತೆ ಊರಿನಿಂದಲೂ ದುಡಿದ ನಿನ್ನ ಬಾಯ್ ಚಿಕ್ಕಪ್ಪ ಇಲ್ಲದೆ ದೋಣಿ ಹೊರಡುವುದಿಲ್ಲ. ಬಲೆ ಇಳಿಸಲು ಅವನಷ್ಟು ಪಳಗಿದ ಕೈ ಈ ದಡದಲ್ಲಿಲ್ಲ, ಬೇರೆಯವರೆಲ್ಲ ಬೇರೆ ದೋಣಿಗಳಿಗೆ ಮಾತು ಕೊಟ್ಟಾಗಿದೆ. ಅವನು ಯೆನ್‌ಗೆ ಹೇಳಿದ್ದಿಷ್ಟು: "ನೀನು ಚುಕ್ಕಾಣಿ ಹಿಡಿ ಮಗೂ, ನಂಗೇನೂ ಇಲ್ಲ. ಹೆಂಗಸರು ದೋಣೀಲಿ ಅಡುಗೆ ಮಾಡ್ತಾರೆ, ಸಿಗಡಿ ತಲೆ ಮುರೀತಾರೆ, ಈಗ ಓಡಿಸ್ತಾರೆ ಅಂತಾನೂ ಇಟ್ಕೊಳ್ಳೋಣ. ಆದ್ರೆ ಬಲೆ ದಾಟಬಾರದು, ದೋಣಿ ಮೂತಿ ಮೇಲೆ ನಿಲ್ಲಬಾರದು. ಅಷ್ಟು ನಡೆಸಿಕೊಡು."

ನೀನೂ ಬಲ್ಲೆ, ಅದು ನಮ್ಮ ಕಡೆಯ ಪದ್ಧತಿ. ಹೆಂಗಸು ದಾಟಿದ ಬಲೆಗೆ ಮೀನು ಬೀಳುವುದಿಲ್ಲ. ನಾನು ಈ ಆಯುಷ್ಯದಲ್ಲಿ ಒಂದು ಬಲೆ ದಾಟಿಲ್ಲ. ಕೈಯಲ್ಲಿ ಬಿಸಿ ಅನ್ನದ ಪಾತ್ರೆ ಇದ್ದರೂ ಸುತ್ತಿಕೊಂಡು ಹೋಗಿದ್ದೇನೆ. ಯೆನ್ "ಆಗಲಿ ಅಜ್ಜ" ಅಂದಳು. ಆದರೆ ಬಲೆಯ ಹೊಲಿಗೆ ನೋಡುವವಳು ಎಷ್ಟು ದಿನ ಸುತ್ತಿಕೊಂಡು ಹೋಗುತ್ತಾಳೆ? ನಿನ್ನೆ ಹಿತ್ತಲಲ್ಲಿ ಬಲೆ ಹರಡಿತ್ತು. ಆಚೆ ತುದಿಯ ಹಗ್ಗ ಸಡಿಲವಾಗಿದ್ದು ಕಂಡಿತು, ನೆಟ್ಟಗೆ ಬಲೆಯ ಮೇಲೇ ನಡೆದುಕೊಂಡು ಹೋದಳು. ನನಗೇ ಮೈ ಜುಂ ಅಂತು. ಬಾಯ್ ಪಿಕಾನ್ ಮರದ ಕೆಳಗೆ ಸಿಗರೇಟು ಸೇದುತ್ತಿದ್ದ. ಸಿಗರೇಟು ಆರಿಸಿ ಎದ್ದು ಹೋದ. ಇವತ್ತು ಚರ್ಚಿನ ಬಲಿಪೂಜೆಗೂ ಬರಲಿಲ್ಲ.

ಮರಿಯಮ್ಮನವರು ನಿನ್ನನ್ನೂ ಕಿಮ್‌ಳನ್ನೂ ಕಾಯಲಿ. ಬಿಸಿಲಲ್ಲಿ ಚಾವಣಿ ಹತ್ತುವಾಗ ತಲೆಗೆ ಒದ್ದೆ ಬಟ್ಟೆ ಕಟ್ಟಿಕೋ.

ನಿನ್ನ ಅಮ್ಮ

*

ಬಿಲಾಕ್ಸಿ
ಮೇ ೧೭, ೧೯೯೭

ಮಗನೇ,

ನಿನ್ನಿಂದ ಉತ್ತರವಿಲ್ಲ. ಇರಲಿ, ಬರೆಯುವ ಚಟ ನನಗೆ ಹತ್ತಿದೆ. ಈ ಸುದ್ದಿ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬಿದ್ದಿರಲೂಬಹುದು. ಹೂಸ್ಟನ್‌ವರೆಗೂ ನಗು ಕೇಳಿಸಿರಬಹುದು.

ಬಾಯ್ ನಮ್ಮ ಬಲೆ ಸುಟ್ಟ.

ಬೇಕೆಂದೇ ಸುಡಲಿಲ್ಲ. ಬಲೆಗೆ ಹತ್ತಿದ ದೋಷ ತೆಗೆಯಲು ಹೋಗಿದ್ದ. ಊರಲ್ಲಿ ಮಾಡುತ್ತಿದ್ದರಲ್ಲ, ಹೆಂಗಸು ದಾಟಿದರೆ ಕಾಗದ ಹೊತ್ತಿಸಿ ಬಲೆಯ ಮೇಲೆ ಆಡಿಸಿ ಅಪಶಕುನ ಓಡಿಸುವುದು, ಅದೇ. ಫಾದರ್ ನೋಡಿದರೆ ಬೈಯುತ್ತಾರೆ ಅಂತ ನಾವೆಲ್ಲ ಬೆಳಗಿನ ಪೂಜೆಯಲ್ಲಿರುವ ಹೊತ್ತು ನೋಡಿ ಹಿತ್ತಲಿಗೆ ಬಂದಿದ್ದಾನೆ. ಊರಿನ ಬಲೆಯಾದರೆ ಹತ್ತಿಯದು, ಸಮುದ್ರದ ನೀರು ಕುಡಿದದ್ದು. ಇದು ನೈಲಾನು. ಮೇಲಾಗಿ ಹಿಂದಿನ ಸಂಜೆಯಷ್ಟೇ ಯೆನ್ ಅದನ್ನು ಬಾಳಿಕೆ ಬರಲಿ ಅಂತ ಆ ಹಸಿರು ಅಂಟುಬಣ್ಣದಲ್ಲಿ ಅದ್ದಿ ಒಣಹಾಕಿದ್ದಳು. ಪೆಟ್ರೋಲ್ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ಕಿಡಿ ಬಿದ್ದದ್ದೇ ಭಗ್ಗಂತ ಹತ್ತಿಕೊಂಡಿದೆ.

ಆರಿಸಿದವನು ಪಕ್ಕದ ಮನೆಯ ಸ್ಟೀಪೆ ಮುದುಕ. ಚಡ್ಡಿಯಲ್ಲೇ ಓಡಿಬಂದು ತೋಟದ ಪೈಪಿನಿಂದ ನೀರು ಹಾಯಿಸಿದನಂತೆ. ನಾವು ಚರ್ಚಿನಿಂದ ಬಂದಾಗ ಹಿತ್ತಲೆಲ್ಲ ಹೊಗೆ, ಬಲೆಯ ನಡುವೆ ಒಂದು ಲಾರಿ ನುಗ್ಗುವಷ್ಟು ತೂತು, ಸ್ಟೀಪೆ ಪೈಪ್ ಹಿಡಿದು ನಿಂತಿದ್ದಾನೆ. ನನ್ನನ್ನು ನೋಡಿ ಏನೋ ಹೇಳಿದ. ಯೆನ್ ತಿಳಿಸಿದಳು: "ನೀವೆಲ್ಲ ಬಂದ ಹೊಸತರಲ್ಲಿ ನಮ್ಮಪ್ಪ ನಿಮ್ಮ ಬಲೆ ಸುಡ್ಬೇಕು ಅಂತ ಕುಣೀತಿದ್ದ. ಈಗ ನೀವೇ ಸುಟ್ಕೊಳ್ತಿದ್ದೀರಲ್ಲ, ಅವನು ಇದ್ದಿದ್ರೆ ಕೆಲಸ ತಪ್ಪಿತು ಅಂತ ಖುಷಿಪಡ್ತಿದ್ದ, ಅಂತಿದಾರೆ ಅಜ್ಜಿ."

ಇವನ ಅಜ್ಜನೂ ಸಮುದ್ರದಾಚೆಯಿಂದ ಸಿಂಪಿ ಹೆಕ್ಕಲು ಬಂದವನೇ. ಆಗ ಅವರ ಬಲೆ ಸುಡಲು ಯಾರು ಕುಣಿಯುತ್ತಿದ್ದರೋ. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಅವನಿಗೆ ಒಂದು ಟವೆಲ್ ತಂದುಕೊಟ್ಟೆ.

ಯೆನ್ ಮಾತ್ರ ನಗಲಿಲ್ಲ. ತೂತಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಸುಟ್ಟ ಅಂಚನ್ನು ಬೆರಳಲ್ಲಿ ಮುರಿಯುತ್ತಾ ಹೋದಳು. ಬಲೆ ಅಂಗಡಿಯವನು ಹಂಗಾಮು ತೆರೆದ ಮೇಲೇ ಹೊಸದು ಕೊಡಲು ಸಾಧ್ಯ ಅಂದಿದ್ದ, ಎಲ್ಲರೂ ಬಲೆ ಕೇಳುವುದು ಇದೇ ಹೊತ್ತಿಗೆ. ಬಲೆಯಿಲ್ಲ, ಆಳಿಲ್ಲ. "ಅವರು ಗೆದ್ದರು ಅಜ್ಜಿ" ಅಂದಳು. ಅವರು ಅಂದರೆ ನೀನು.

ನೋಡು ವಿನ್, ಅಲ್ಲಿಯವರೆಗೆ ನಾನು ನಡುವೆ ನಿಂತಿದ್ದೆ. ನಿನ್ನ ಮಾತೂ ಸರಿ, ಅವಳ ಹಟವೂ ಸರಿ ಅಂತ ತಕ್ಕಡಿ ಹಿಡಿದಿದ್ದೆ. ಆ ಮಾತು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಮೆಟ್ಟಿಕೊಂಡು ಬಾಯ್‌ನನ್ನು ಹುಡುಕಿ ಹೊರಟೆ.

ಮನೆಯಲ್ಲಿರಲಿಲ್ಲ. ಅವನ ಒಡಹುಟ್ಟಿದ ಅಣ್ಣನ ಮಗಳು ಉಗುರಿಗೆ ಬಣ್ಣ ಹಾಕುವ ಅಂಗಡಿ ಇಟ್ಟಿದ್ದಾಳಲ್ಲ, ಅಲ್ಲಿ ಅಡಗಿದ್ದ. ಬಿಳಿ ಹೆಂಗಸರ ಸಾಲಿನ ಕೊನೆಗೆ, ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಬೆಂಕಿಗೆ ಹುಬ್ಬು ಸುಟ್ಟುಹೋಗಿತ್ತು. ಆ ಹುಡುಗಿ ಕನಿಕರಪಟ್ಟು ಪೆನ್ಸಿಲಿನಲ್ಲಿ ಹೊಸ ಹುಬ್ಬು ಬರೆದಿದ್ದಳು.

"ಏಳು" ಅಂದೆ.

"ಅತ್ತಿಗೆ, ನಾನು ಮುಖ ತೋರಿಸೋ ಹಾಗಿಲ್ಲ."

"ಧಾರಾಳವಾಗಿ ತೋರಿಸು. ಹುಟ್ಟಿದಾಗಿಂದ ನಿನ್ನ ಹುಬ್ಬು ಇಷ್ಟು ಚೆನ್ನಾಗಿ ಇರಲಿಲ್ಲ."

"ಅಣ್ಣ ಇದ್ದಿದ್ರೆ ಹೀಗಾಗ್ತಿರಲಿಲ್ಲ..."

"ನಿಮ್ಮಣ್ಣ ಇದ್ದಿದ್ರೆ ನಿನ್ನ ಅದೇ ಬೆಂಕಿ ಮೇಲೆ ಕೂರಿಸ್ತಿದ್ರು."

ಅವನು ಕಾಲು ನೋಡಿಕೊಂಡ. "ಹೆಂಗಸು ದಾಟಿದ ಬಲೆಗೆ ಸಿಗಡಿ ಬೀಳಲ್ಲ ಅತ್ತಿಗೆ. ಇದು ನಾನು ಹುಟ್ಟಿಸಿದ ಮಾತಾ? ನೀವೇ ಒಂದು ಸಲಾನಾದ್ರೂ ದಾಟಿದ್ದೀರಾ?"

"ಇಲ್ಲ."

"ಮತ್ತೆ?"

"ಗಂಡಸು ಸುಟ್ಟ ಬಲೆಗೆ ಬೀಳತ್ತೇನು?"

ಅಂಗಡಿಯಲ್ಲಿದ್ದ ನಮ್ಮ ಹುಡುಗಿಯರೆಲ್ಲ ಉಗುರು ಬಿಟ್ಟು ನಗಲು ಶುರುಮಾಡಿದರು. ಬಿಳಿ ಹೆಂಗಸರು ಏನಾಯಿತು ಏನಾಯಿತು ಅಂತ ಕೇಳಿದರು. ಬಾಯ್ ಒದ್ದೆ ಕಾಲಲ್ಲೇ ಚಪ್ಪಲಿ ತೂರಿಸಿಕೊಂಡು ನನ್ನ ಹಿಂದೆ ಬಂದ. ಬರುತ್ತೇನೆ ಅಂತ ಮಾತು ಕೊಡಲಿಲ್ಲ, ಬಂದನಷ್ಟೇ.

ದಾರಿಯಲ್ಲೇ ನಾನು ಜಪಸರದ ಗುಂಪಿನ ಹೆಂಗಸರ ಮನೆಗಳಿಗೆಲ್ಲ ನುಗ್ಗಿ ಹೇಳಿದೆ. ನಾವು ಬಂದ ಹೊಸತರಲ್ಲಿ ಇವರೆಲ್ಲ ಹಗಲು ಸಿಂಪಿ ಬಿಡಿಸಿ, ಮನೆಗೆ ಬಂದು ಬಲೆ ಹೆಣೆದು ಮಕ್ಕಳ ಫೀಸು ಕಟ್ಟಿದವರು. ಮಧ್ಯಾಹ್ನಕ್ಕೆ ಎಲ್ಲರೂ ಬಂದರು. ಹೆಣೆಯುವ ಸೂಜಿ, ಕನ್ನಡಕ, ಮಂಡಿನೋವಿನ ಮುಲಾಮು, ಬಾಳೆಹಣ್ಣಿನ ಗೊನೆ. ಬಂದು ಅಂಚಿನಲ್ಲೇ ನಿಂತರು. ಅಷ್ಟು ದೊಡ್ಡ ತೂತು ಬಲೆಯ ನಟ್ಟನಡುವೆ. ಅಂಚಿನಲ್ಲಿ ಕೂತರೆ ಕೈ ಎಟಕುವುದಿಲ್ಲ.

ಗುಂಪಿನಲ್ಲಿದ್ದ ಹ್ವೆ ಹೇಳಿದಳು, "ನಡುವಿಗೆ ಹೋಗ್ಬೇಕು. ಬಲೆ ತುಳೀಬೇಕಾಗತ್ತಲ್ಲೇ."

ಎಲ್ಲರೂ ನನ್ನ ಮುಖ ನೋಡಿದರು. ಬಾಯ್ ಕೂಡ ಮರದ ಕೆಳಗಿಂದ ನೋಡುತ್ತಿದ್ದ. ನಾನು ಚಪ್ಪಲಿ ಬಿಟ್ಟೆ. ಮನಸ್ಸಲ್ಲೇ ನಿಮ್ಮಪ್ಪನಿಗೆ ಒಂದು ಮಾತು ಹೇಳಿದೆ, ಅದು ನಮ್ಮಿಬ್ಬರಿಗೆ ಸೇರಿದ್ದು. ಆಮೇಲೆ ನಡೆದುಕೊಂಡು ಹೋಗಿ ತೂತಿನ ಪಕ್ಕ ದಪ್ಪಂತ ಕೂತೆ. ಬರಿಗಾಲಿಗೆ ಬಲೆಯ ಗಂಟು ಕಚಗುಳಿ ಇಟ್ಟ ಹಾಗಾಗುತ್ತದೆ ಕಣೋ. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಆಮೇಲೆ ಕೇಳಬೇಕೆ. ಕೋಳಿ ಹಿಂಡು ಅಕ್ಕಿಗೆ ಬಿದ್ದ ಹಾಗೆ ಎಲ್ಲರೂ ಬಂದು ಕೂತರು. ಯೆನ್‌ಗೆ ನಾನು ಹೆಣಿಗೆ ಹೇಳಿಕೊಟ್ಟೆ. ಅವಳು ಹಿಂದೆ ಬೀಳುತ್ತಿದ್ದಳು, ಹ್ವೆ ಅವಳ ಗಂಟು ಬಿಚ್ಚಿ ಮತ್ತೆ ಹಾಕಿಸುತ್ತಿದ್ದಳು. ಕೈ ಆಡುತ್ತಿದ್ದ ಹಾಗೇ ಯೆನ್ ಅವರಿಗೂ ಅದೇ ಪ್ರಶ್ನೆ ಹಾಕಿದಳು, ನೀವೆಲ್ಲ ಏನು ಕನಸು ಕಂಡು ಬಂದಿರಿ ಅಂತ. ಒಬ್ಬಳು, ಗಂಡನ ತಾಯಿ ಹಿಂಬಾಲಿಸಿ ಬರದಿರಲಿ ಅಂತ ಅಂದಳು. ಇನ್ನೊಬ್ಬಳು, ಬಾಗಿಲು ಬಡಿದರೆ ಎದೆ ಹಾರಬಾರದು, ಅಷ್ಟೇ ಕೇಳಿಕೊಂಡಿದ್ದೆ ಅಂದಳು. ಪಕ್ಕದವಳು ಅವಳಿಗೊಂದು ಬಾಳೆಹಣ್ಣು ಸುಲಿದು ಕೊಟ್ಟಳು.

ಆಮೇಲೆ ಹ್ವೆ ಶುರುಮಾಡಿದಳು. ಅವಳ ಮಗ ದಂತವೈದ್ಯ, ಗೊತ್ತಲ್ಲ. "ನನ್ನ ಕನಸು ಪೂರ್ತಿ ಆಗಿದೆಯಮ್ಮ. ಮಗನ ಮನೇಲಿ ನಾಲ್ಕು ಬಚ್ಚಲು. ಒಂದರಲ್ಲೂ ಒದ್ದೆ ಟವೆಲ್ ಇರಲ್ಲ. ಗಂಡ ಹೆಂಡ್ತಿ ಇಬ್ರೂ ಮನೇಲೇ ಇರಲ್ಲ. ಹೋದ ವರ್ಷ ಹೋಗಿದ್ದಾಗ ಮೀನು ಹುರಿದೆ, ಕಿಟಕಿ ತೆಗಿ ಅಮ್ಮಾ ಅಂದ. ನಾನು ಕಿಟಕಿ ತೆಗೆದು ಅಲ್ಲೇ ನಿಂತ್ಕೊಂಡು ಬೀದೀಲಿ ಒಂದು ಮನುಷ್ಯನ ಮುಖ ಕಾಣತ್ತಾ ಅಂತ ನೋಡಿದೆ. ನಾಯಿ ಕೂಡ ಹಗ್ಗ ಕಟ್ಟಿಸ್ಕೊಂಡು ಸುಮ್ಮನೆ ಹೋಗ್ತಿತ್ತು."

"ಹಾಗಾದ್ರೆ ದುಃಖನಾ ದೊಡ್ಡಮ್ಮ?" ಅಂತ ಯೆನ್ ಕೇಳಿದಳು.

"ದುಃಖ ಯಾಕೆ? ಊರಲ್ಲಿ ಹೇಳ್ಕೊಳ್ಳೋವಾಗ ಎಷ್ಟು ಸುಖ ಇದೆ ಗೊತ್ತಾ? ನಾಲ್ಕು ಬಚ್ಚಲು ಅಂದ್ರೆ ಎಲ್ರ ಬಾಯಿ ಮುಚ್ಚತ್ತೆ. ಎರಡೂ ಇರತ್ತೆ ಮಗೂ. ನಿನ್ನ ಪುಸ್ತಕದೋರಿಗೆ ಹೇಳು, ಎರಡೂ ಬರೀಲಿ."

ಸಂಜೆಗೆ ಅರ್ಧ ಮುಚ್ಚಿತ್ತು, ಮರುದಿನಕ್ಕೆ ಪೂರ್ತಿ. ಹಳೇ ಬಲೆಗೆ ಹೊಸ ಹೆಣಿಗೆಯ ಬಣ್ಣ ಬೇರೆ, ದೂರದಿಂದ ಹಳೇ ಅಂಗಿಗೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಬಾಯ್ ಎರಡು ದಿನವೂ ಟೀ ಸುರಿದುಕೊಟ್ಟ, ಸೂಜಿಗೆ ದಾರ ಸುತ್ತಿಕೊಟ್ಟ. ಕೊನೆಗೆ ಎಲ್ಲರೂ ಏಳುವಾಗ ಕೆಮ್ಮಿದ.

"ಅತ್ತಿಗೆ, ಎಡಗಡೆ ಆ ಮೂಲೇಲಿ ಯಾರೂ ಕೂತಿಲ್ಲ."

"ಅದಕ್ಕೇನೀಗ?"

"ಅಲ್ಲ, ಬಲೆಯೆಲ್ಲ ತುಳಿದು ಅದೊಂದು ಮೂಲೆ ಬಿಟ್ರೆ... ಸಿಗಡಿಗೆ ಗಲಿಬಿಲಿ ಆಗತ್ತೆ. ಹ್ವೆ ಅತ್ತಿಗೇನ ಅಲ್ಲೂ ಒಂದ್ಸಲ ಕೂರಿಸಿಬಿಡಿ."

ಹ್ವೆ ಹೋಗಿ ಕೂತಳು. ಅವಳ ಗಾತ್ರ ನಿನಗೆ ಗೊತ್ತು. ದೋಷ ಏನಾದರೂ ಉಳಿದಿದ್ದರೆ ಅಲ್ಲಿಗೇ ಅಪ್ಪಚ್ಚಿ.

ಇನ್ನು ಬಿಷಪ್ಪರು ದೋಣಿಗಳನ್ನು ಆಶೀರ್ವದಿಸುವ ಭಾನುವಾರ, ಅದಾದ ಮೇಲೆ ಹಂಗಾಮು. ಬಾಯ್ ಹೊರಡುತ್ತಾನೋ ಇಲ್ಲವೋ ಇನ್ನೂ ಬಾಯಿ ಬಿಟ್ಟಿಲ್ಲ. ದೇವರು ನಿನಗೆ ಆರೋಗ್ಯ ಕೊಡಲಿ. ಫೋನಿನ ಯಂತ್ರಕ್ಕೂ ಕೊಡಲಿ, ದಣಿದಿರಬೇಕು.

ನಿನ್ನ ಅಮ್ಮ

*

ಬಿಲಾಕ್ಸಿ
ಜೂನ್ ೮, ೧೯೯೭

ಮಗನೇ ವಿನ್,

ಕೂತು ಓದು. ನಿಂತಿದ್ದರೆ ಕೂತುಕೋ, ಕಿಮ್‌ಳನ್ನೂ ಕರೆ.

ಮೊದಲು ಆಶೀರ್ವಾದದ ದಿನ. ದೋಣಿಗೆ ಬಾವುಟಗಳ ಮಾಲೆ, ಕಾಗದದ ಹೂವು, ಮುಂದೆ ಸಂತ ಪೇತ್ರರ ಪಟ. ಬಾಯ್ ಹೊಸ ಅಂಗಿ ಹಾಕಿಕೊಂಡು ಬೆಳಿಗ್ಗೆಯೇ ದೋಣಿಯಲ್ಲಿದ್ದ, ಕರೆದವರು ಯಾರೋ ನನಗೆ ಗೊತ್ತಿಲ್ಲ. ಹುಬ್ಬು ಸ್ವಲ್ಪ ಸ್ವಲ್ಪ ಚಿಗುರಿದೆ. ನಾನು ಎಂದಿನ ಹಾಗೆ ಹಿಂದಿನಿಂದ ಹತ್ತಿ ಅಡುಗೆ ಒಲೆಯ ಹತ್ತಿರ ಕೂತೆ. ಅವನು ಬಂದು ನಿಂತ.

"ಇಲ್ಯಾಕೆ ಕೂತಿದ್ದೀರಿ ಅತ್ತಿಗೆ?"

"ಮತ್ತೆಲ್ಲಿ ಕೂರಲಿ?"

"ಮುಂದೆ ಹೋಗಿ. ಬಿಷಪ್ಪರ ನೀರು ಇಲ್ಲಿಗೆ ಬೀಳಲ್ಲ."

ಕೈ ಕೊಟ್ಟು ದೋಣಿಯ ಮೂತಿಗೆ ಹತ್ತಿಸಿದ. ಯೆನ್ ಗಾಜಿನ ಹಿಂದೆ ಚುಕ್ಕಾಣಿ ಹಿಡಿದಿದ್ದಳು, ನಾನು ಎಲ್ಲಕ್ಕೂ ಮುಂದೆ, ಬಟ್ಟೆ ಒಣಹಾಕಿದ ಹಾಗೆ ಗಾಳಿಗೆ ಪಟಪಟ. ನನ್ನ ಮುಂದೆ ಏನೂ ಇರಲಿಲ್ಲ ಮಗನೇ, ಬರೀ ನೀರು. ಇಷ್ಟು ವರ್ಷ ಗಂಡಸರ ಬೆನ್ನು ನೋಡಿಕೊಂಡು ಕಡಲು ದಾಟಿದವಳು ನಾನು. ಮುಂದೆ ನಿಂತರೆ ಕಡಲು ಬೇರೆಯೇ ಕಾಣುತ್ತದೆ. ದಡದ ಮೇಲೆ ನಮ್ಮೂರ ಮುದುಕರು ಸಾಲಾಗಿ ನಿಂತಿದ್ದರು, ಅವರ ಬಾಯಿಗಳೂ ಸಾಲಾಗಿ ತೆರೆದಿದ್ದವು. ಧ್ವನಿವರ್ಧಕದಲ್ಲಿ ದೋಣಿಯ ಹೆಸರು ಸೇರಿಸಿ "ಸಂತ ಪೇತ್ರ, ಕ್ಯಾಪ್ಟನ್ ಯೆನ್ ಫಾನ್" ಅಂತ ಕೂಗಿದರು. ಹೆಸರನ್ನು ತಿರುಚಿ ಮುರುಚಿ ಹೇಳಿದರೂ ಕ್ಯಾಪ್ಟನ್ ಅನ್ನುವುದನ್ನು ಸರಿಯಾಗಿ ಹೇಳಿದರು. ಬಿಷಪ್ಪರು ಎರಚಿದ ನೀರು ನೇರ ನನ್ನ ಕನ್ನಡಕಕ್ಕೇ ಬಿತ್ತು. ನಾನು ಅಳುತ್ತಿದ್ದೆ ಅಂತ ಯಾರೋ ಹೇಳಿದರಂತೆ. ಅದು ಬಿಷಪ್ಪರ ನೀರು.

ಈಗ ಹಂಗಾಮಿನ ಬೆಳಿಗ್ಗೆ. ದೋಣಿಗಳೆಲ್ಲ ಗೆರೆಯಾಗಿ ನಿಂತು ಸೂರ್ಯನಿಗಾಗಿ ಕಾಯುತ್ತಿದ್ದವು. ನಾನು ಸ್ಟೀಪೆಯ ಅಡುಗೆಮನೆಯಲ್ಲಿ ಅವನ ರೇಡಿಯೊ ಮುಂದೆ ಕೂತಿದ್ದೆ. ಅವನು ಕಪ್ಪು ಕಾಫಿ ಕೊಟ್ಟ, ನಾನು ಅದಕ್ಕೆ ಡಬ್ಬಿ ಹಾಲು ಸುರಿದು ಕುಡಿಯುವ ಹಾಗೆ ಮಾಡಿದೆ. ಅವನ ಮಾತು ನನಗೆ ತಿಳಿಯುವುದಿಲ್ಲ, ನನ್ನದು ಅವನಿಗೆ ತಿಳಿಯುವುದಿಲ್ಲ. ಇಬ್ಬರೂ ಬಾಯಿ ತುಂಬ ಮಾತಾಡಿದೆವು.

ಮೊದಲು ಬೇರೆ ಬೇರೆ ದೋಣಿಗಳ ಮಾತು ಕೇಳಿಸಿತು. ಕೆಲವರಿಗೆ ಸಾಧಾರಣ, ಕೆಲವರಿಗೆ ಬರೀ ಪಾಚಿ. ನಮ್ಮದರ ಸುದ್ದಿ ಇಲ್ಲ. ಯೆನ್ ಎಲ್ಲರೂ ಹೋದ ಕಡೆ ಹೋಗದೆ ದ್ವೀಪದ ಆಚೆ ಬದಿಗೆ ಹೋಗಿದ್ದಳು. ಅಜ್ಜ ಯಾವಾಗಲೋ ಗಾಳಿ ದಕ್ಷಿಣಕ್ಕೆ ತಿರುಗಿದರೆ ಅಲ್ಲಿ ನೋಡು ಅಂದಿದ್ದರಂತೆ. ಸುಮಾರು ಹೊತ್ತಾದ ಮೇಲೆ ಬಾಯ್‌ನ ದನಿ ಬಂತು. ಕಿರುಚುತ್ತಿದ್ದ.

"ಬಲೆ ಏಳ್ತಿಲ್ಲ! ಏಳ್ತಾನೇ ಇಲ್ಲ!"

ಸಿಕ್ಕಿಹಾಕಿಕೊಂಡಿತು ಅಂದುಕೊಂಡೆ. ತಳದಲ್ಲಿ ಮುಳುಗಿದ ಹಡಗಿನ ಚೂರೋ ಬಂಡೆಯೋ. ಹರಿಯುತ್ತದೆ, ನಮ್ಮ ತೇಪೆ ಹರಿಯುತ್ತದೆ, ಮುಗಿಯಿತು. ನನ್ನ ಕೈಯ ಜಪಸರ ನಿಂತುಹೋಯಿತು. ಸ್ಟೀಪೆಯೂ ಎದ್ದು ನಿಂತ. ಆಮೇಲೆ ಎಂಜಿನ್ ಗುರುಗುಟ್ಟಿದ್ದು, ಏನೋ ಧಡ್ ಅಂದದ್ದು ಕೇಳಿಸಿತು. ಮತ್ತೆ ಬಾಯ್. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

"ಅತ್ತಿಗೇ! ಕೇಳಿಸ್ತಿದೆಯಾ? ತುಂಬಿದೆ ಅತ್ತಿಗೇ! ಚೀಲ ತುಂಬಿ ಮೇಲಕ್ಕೆ ಬರ್ತಿದೆ! ನಿಮ್ಮ ತೇಪೆ ಜಪ್ಪಯ್ಯ ಅಂದಿಲ್ಲ!"

ಸ್ಟೀಪೆಗೆ ಒಂದಕ್ಷರ ತಿಳಿಯದಿದ್ದರೂ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಮುದುಕನಿಗೆ ಸೊಂಟ ಹಿಡಿದುಕೊಂಡಿತು, ಇವತ್ತಿಗೂ ಮುಲಾಮು ಹಚ್ಚುತ್ತಿದ್ದೇನೆ.

ಸಂಜೆ ದೋಣಿ ಬರುವುದನ್ನು ನೀನು ನೋಡಬೇಕಿತ್ತು. ಮೈಮೇಲಿನ ನೀರಿನ ಗೆರೆ ಮುಳುಗುವಷ್ಟು ಭಾರ, ನಿಧಾನಕ್ಕೆ, ತುಂಬು ಗರ್ಭಿಣಿಯ ಹಾಗೆ. ಐಸ್ ಕೋಣೆ ತುಂಬಿ ಅಡುಗೆ ಪಾತ್ರೆ, ಬಕೆಟ್ಟು, ಬಾಯ್‌ನ ಬೂಟಿನೊಳಗೂ ಸಿಗಡಿ. ಯೆನ್ ಹಾರ್ನ್ ಒತ್ತಿ ಬಿಡಲೇ ಇಲ್ಲ. ಅವತ್ತು ಬಾಯಿ ತೆರೆದು ನಿಂತಿದ್ದ ಅದೇ ಮುದುಕರು ಈಗ ಹಗ್ಗ ಹಿಡಿಯಲು ನೂಕಾಡಿದರು. ಒಬ್ಬ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ನಮ್ಮ ಬಲೇನೂ ಹಿತ್ತಲಲ್ಲಿ ಹರಡಿದೆ. ನಿಮ್ಮ ಹ್ವೆಗೆ ಬಿಡುವಿದೆಯಾ?"

ಹ್ವೆ ಈಗ ಊರಲ್ಲಿ ದೊಡ್ಡ ಮನುಷ್ಯಳು. ದಿನಕ್ಕೊಂದು ಬಲೆಯ ಮೇಲೆ ಕೂರುತ್ತಾಳೆ, ಟೀ ಕೊಟ್ಟರೆ ಮಾತ್ರ.

ಆ ರಾತ್ರಿ ಊಟದಲ್ಲಿ ಯೆನ್‌ಗೆ ಅಂದೆ, "ನಿನ್ನ ಪ್ರೊಫೆಸರಿಗೆ ಬರೆದು ಹಾಕು, ಇಲ್ಲೊಬ್ಬಳು ಸಾಯಲಿಲ್ಲ ಅಂತ." ಅವಳು ಅನ್ನದ ತಟ್ಟೆಯ ಮುಂದೆಯೇ ನಿದ್ದೆ ಹೋಗಿದ್ದಳು. ಕೈಯಲ್ಲಿ ಚಮಚ ಹಾಗೇ ಇತ್ತು.

ಕರಾರಿನ ಪ್ರಕಾರ ದೋಣಿ ಅವಳದ್ದಾಯಿತು. ನಿನ್ನ ಅಮ್ಮ ಮಾತಿಗೆ ತಪ್ಪುವವಳಲ್ಲ, ನೀನೂ ತಪ್ಪಬಾರದು. ನಿನ್ನ ಮನೆ, ನಿನ್ನ ಹುಲ್ಲು, ನಿನ್ನ ಗಾಡಿಗಳು ಎಲ್ಲ ಇನ್ನೂ ಹೆಚ್ಚಲಿ. ನಿನ್ನ ಹೊಟ್ಟೆ ತಣ್ಣಗಿರಲಿ. ಸಂತ ಪೇತ್ರರು ನಿನ್ನ ಮನೆಯ ಬಾಗಿಲನ್ನೂ ಕಾಯಲಿ. ಬಾಯ್‌ನ ತಂಗಿ ಹೂಸ್ಟನ್‌ಗೆ ಬರುತ್ತಿದ್ದಾಳೆ, ಐಸ್ ಪೆಟ್ಟಿಗೆಯಲ್ಲಿ ಸಿಗಡಿ ಕಳಿಸುತ್ತಿದ್ದೇನೆ. ತಲೆ ಕಿತ್ತು ಎಸೆಯಬೇಡ ಅಂತ ಕಿಮ್‌ಗೆ ಹೇಳು, ರುಚಿ ಇರುವುದೇ ಅಲ್ಲಿ. ವಾಸನೆ ಬಂದರೆ ಬರಲಿ.

ನಿನ್ನ ಅಮ್ಮ

ಮತ್ತೆ ಬರೆದದ್ದು: ಕವರ್ ಅಂಟಿಸಿ ಮತ್ತೆ ಬಿಚ್ಚಿದೆ. ದೋಣಿ ಬಂದ ಸಂಜೆ ಪತ್ರಿಕೆಯ ಹುಡುಗಿಯೊಬ್ಬಳು ಬಂದು ಯೆನ್‌ಳ ಫೋಟೋ ತೆಗೆದಳು. ನೀನು ಯಾರ ಮಗಳು ಅಂತ ಕೇಳಿದಳು. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ. ಯೆನ್ ಹೇಳಿದಳು, ತೀರಿಕೊಂಡ ಕ್ಯಾಪ್ಟನ್ ಫಾನರ ಮೊಮ್ಮಗಳು ಅಂತ. ಅಪ್ಪ ಎಲ್ಲಿದ್ದಾರೆ ಅಂದರೆ, "ಹೂಸ್ಟನ್‌ನಲ್ಲಿ ಒಬ್ಬರಿದ್ದಾರೆ" ಅಂದಳು. ಮನೆಗೆ ಬಂದು ಗದರಿಸಿದೆ, ಹಾಗೆ ಅನ್ನುತ್ತಾರೇನೇ, ಬಾಯಿಗೆ ಅಪ್ಪ ಅಂತ ಬರುವುದಿಲ್ಲವೇನೇ ಅಂತ. ಆಗ ಹೇಳಿದಳು. ಅಜ್ಜನನ್ನು ಮಣ್ಣು ಮಾಡಿ ಬಂದ ದಿನ, ಚರ್ಚಿನ ಹೊರಗೆ ಕಾರುಗಳ ನಡುವೆ, ನೀನು ಅವಳಿಗೆ ಹೇಳಿದ್ದನ್ನು: ಓದು ಮುಗಿಸುವವರೆಗೆ ನನ್ನನ್ನು ಅಪ್ಪ ಅಂತ ಕರೆಯಬೇಡ. ನನಗೆ ಇದು ಗೊತ್ತಿರಲಿಲ್ಲ. ಅಪ್ಪ ಮಗಳು ಮಾತು ಬಿಟ್ಟಿದ್ದಾರೆ ಅಂತಷ್ಟೇ ತಿಳಿದಿದ್ದೆ. ಬಲೆ ಏಳದೆ ದೋಣಿ ವಾಲಿದಾಗ ಅವಳು ಬಿಳಿಚಿಕೊಂಡಿದ್ದಳಂತೆ. ಯಾರನ್ನೋ ಕೂಗಲು ಬಾಯಿ ತೆರೆದಳು, ಆಮೇಲೆ ಹಲ್ಲು ಕಚ್ಚಿದಳು ಅತ್ತಿಗೆ, ಅಂತ ಬಾಯ್ ಹೇಳಿದ. ಓದು ಬಿಡಬೇಡ ಅಂತ ನೀನು ಅಂದೆ, ಬಿಟ್ಟಳು. ದೋಣಿ ಮುಟ್ಟಬೇಡ ಅಂದೆ, ಮುಟ್ಟಿದಳು. ಕೇಳಿಸಿಕೊಳ್ಳಲು ನೀನಿಲ್ಲದ ಕಡೆಯಲ್ಲೂ ನಿನ್ನ ಈ ಒಂದು ಮಾತನ್ನು ಮಾತ್ರ ನಡೆಸಿಕೊಂಡು ಬಂದಿದ್ದಾಳೆ. ಅದನ್ನು ವಾಪಸ್ ತಗೋ ವಿನ್. ಆ ತೂತು ಹೆಣೆಯಲು ನನಗೆ ಬರುವುದಿಲ್ಲ.